ಟ್ರಂಕಿನ ತಳದ ನೆಗೆಟಿವ್‌ಗಳು: ಸ್ಕ್ಯಾನರ್ ಯಂತ್ರಗಳ ಒಂದು ತೌಲನಿಕ ವಿವೇಚನೆ

ಜೀವನೋಪಾಯವನ್ನು ಅರಸಿ ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಹಳೆಯ ಟ್ರಂಕೊಂದು ಇರುವುದು ಸಾಮಾನ್ಯ. ಅದರೊಳಗೆ ಜಾತಕಗಳು, ಜಮೀನಿನ ಕಾಗದಪತ್ರಗಳು, ಮದುವೆಯ ಲಗ್ನಪತ್ರಿಕೆಗಳು ಇರುವಂತೆಯೇ ಬಟರ್ ಪೇಪರಿನ ಲಕೋಟೆಗಳಲ್ಲಿ ಸುರುಳಿ ಸುತ್ತಿಕೊಂಡ ಕೆಲವು ನೆಗೆಟಿವ್‌ಗಳೂ ಇರುತ್ತವೆ. ಗೋಡೆಯ ಮೇಲಿನ ಪಟ ಮಾಸಿರಬಹುದು. ಊರಿನ ಮನೆ ಪಾಲಾದಾಗ ಆಲ್ಬಮ್ ಮತ್ತಾರದೋ ಕೈಸೇರಿರಬಹುದು. ಆದರೆ ನೆಗೆಟಿವ್ ಇದ್ದಲ್ಲಿ ಚಿತ್ರದ ಮೂಲವೇ ಉಳಿದಿದೆ ಎಂದು ತಿಳಿಯಬೇಕು. ಈ ಮೂಲವನ್ನು ಗಣಕಯಂತ್ರದ ಕಡತವನ್ನಾಗಿ ಪರಿವರ್ತಿಸಿ ಮುಂದಿನ ಪೀಳಿಗೆಗೆ ತಲುಪಿಸಲು ಯಾವ ಯಂತ್ರ ತಕ್ಕದ್ದು ಎಂಬುದೇ ಈ ಲೇಖನದ ವಿಷಯ.

ಹಳೆಯ ನೆಗೆಟಿವ್‌ಗಳಲ್ಲಿ ಅನೇಕವು ಅಂಗೈಯಷ್ಟಿಲ್ಲದಿದ್ದರೂ ಬೆಂಕಿಪೊಟ್ಟಣಕ್ಕಿಂತ ದೊಡ್ಡವು. ಅವು 120 ಎಂಬ ಸಂಖ್ಯೆಯ ರೋಲ್ ಫಿಲ್ಮಿನಲ್ಲಿ ತೆಗೆದವು. ಈ ಫಿಲ್ಮನ್ನು ಅಮೆರಿಕದ ಕೊಡ್ಯಾಕ್ ಸಂಸ್ಥೆ 1901ರಲ್ಲಿ ಹೊರತಂದಿತು. ಇಂದಿಗೂ ಅದು ತಯಾರಾಗುತ್ತಿದೆ. ಜರ್ಮನಿಯಲ್ಲಿ 1929ರಲ್ಲಿ ಹುಟ್ಟಿದ ರೋಲೈಫ್ಲೆಕ್ಸ್ ಮನೆತನದ ಎರಡು ಮಸೂರದ ಕ್ಯಾಮೆರಾಗಳು, ಅವುಗಳ ಮಾದರಿಯಲ್ಲಿ ಬಂದ ಜಪಾನಿನ ಯಾಶಿಕಾ, ಸಾಮಾನ್ಯ ಕುಟುಂಬಗಳಿಗೂ ಎಟುಕುತ್ತಿದ್ದ ಆಗ್ಫಾ ಕ್ಲಿಕ್ ಕ್ಯಾಮೆರಾಗಳು ಎಲ್ಲವೂ ಇದೇ ಫಿಲ್ಮನ್ನು ಬಳಸುತ್ತಿದ್ದವು. 1960ರಲ್ಲಿ ಸ್ಥಾಪಿತವಾಗಿ 1967ರಿಂದ ಉತ್ಪಾದನೆ ಆರಂಭಿಸಿದ ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮನ್ನು ಹಿರಿಯ ಸ್ಟುಡಿಯೋದವರು ಮರೆತಿರಲಾರರು. ಆ ಕಾರ್ಖಾನೆ ಈಗ ಮುಚ್ಚಿದೆ.

120 ಫಿಲ್ಮಿನ ಅಗಲ ಸುಮಾರು 61 ಮಿಲಿಮೀಟರ್. ‘ಸಿಕ್ಸ್ ಬೈ ಸಿಕ್ಸ್’ ಎಂದು ಕರೆಯಲಾಗುವ ಚೌಕದ ನಿಜವಾದ ಅಳತೆ ಸುಮಾರು 56 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ಮುಂದೆ ಪ್ರಚಾರಕ್ಕೆ ಬಂದ 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟಾದರೋ 36 ಮತ್ತು 24 ಮಿಲಿಮೀಟರ್ ಮಾತ್ರ. ಕ್ಷೇತ್ರಫಲವನ್ನು ಲೆಕ್ಕ ಹಾಕಿದರೆ ಮೊದಲನೆಯದು ಎರಡನೆಯದರ ಮೂರೂವರೆ ಪಟ್ಟಿಗಿಂತ ಹೆಚ್ಚು. ಮೀಡಿಯಂ ಫಾರ್ಮ್ಯಾಟ್ ಎಂದು ಹೆಸರಾದ ಈ ದೊಡ್ಡ ಚೌಕಟ್ಟೇ ಮುಂದಿನ ಹೋಲಿಕೆಗೆಲ್ಲ ಆಧಾರ. ಸಣ್ಣ ಫಿಲ್ಮಿಗೆ ಸಾಲದ ಯಂತ್ರವು ದೊಡ್ಡ ಫಿಲ್ಮಿಗೆ ಧಾರಾಳವಾಗಿ ಸಾಲಬಹುದು.

ಫಿಲ್ಮಿನ ಆರೋಗ್ಯ

ಮನುಷ್ಯದೇಹದಂತೆ ಫಿಲ್ಮಿಗೂ ಮುಪ್ಪುಂಟು, ರೋಗಗಳುಂಟು. ಹಳೆಯ ಫಿಲ್ಮುಗಳ ಆಧಾರದ ಹಾಳೆ ಬಹುಮಟ್ಟಿಗೆ ಸೆಲ್ಯುಲೋಸ್ ಅಸಿಟೇಟ್ ಎಂಬ ದ್ರವ್ಯದ್ದು. ಶಾಖವೂ ತೇವವೂ ಕೂಡಿದಾಗ ಅದು ಒಡೆದು ಅಸಿಟಿಕ್ ಆಮ್ಲವನ್ನು, ಎಂದರೆ ವಿನೆಗರಿನ ಹುಳಿವಾಸನೆಯನ್ನು, ಹೊರಸೂಸುತ್ತದೆ. ಹೊರಬಂದ ಆಮ್ಲವು ಕೊಳೆಯುವಿಕೆಯನ್ನು ಮತ್ತಷ್ಟು ಚುರುಕುಗೊಳಿಸುತ್ತದೆ. ಪಕ್ಕದ ಲಕೋಟೆಯ ಫಿಲ್ಮಿಗೂ ಈ ಪೀಡೆ ಹರಡಬಲ್ಲದು. ಫಿಲ್ಮು ಕುಗ್ಗುತ್ತದೆ, ಡೊಂಕಾಗುತ್ತದೆ, ಕೊನೆಗೆ ಚಿತ್ರವಿರುವ ಜೆಲಾಟಿನ್ ಪದರವು ಸುಕ್ಕುಗಟ್ಟಿ ಆಧಾರದಿಂದ ಬೇರ್ಪಡುತ್ತದೆ. 21 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇಕಡಾ 50 ತೇವಾಂಶದಲ್ಲಿ ಇಟ್ಟ ಹೊಸ ಅಸಿಟೇಟ್ ಫಿಲ್ಮಿನಲ್ಲಿ ಈ ರೋಗ ಕಾಣಿಸಿಕೊಳ್ಳಲು ಸುಮಾರು 40 ವರ್ಷ ಹಿಡಿಯುತ್ತದೆಂದು ಅಮೆರಿಕದ ರಾಚೆಸ್ಟರಿನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟಿನ ಅಂದಾಜು. ಮುಂಬಯಿ, ಚೆನ್ನೈಗಳ ಸೆಕೆ ಮತ್ತು ಆರ್ದ್ರತೆಗಳಲ್ಲಿ ಆ ಅವಧಿ ಇನ್ನೂ ಕಡಿಮೆಯೆಂದು ಬೇರೆ ಹೇಳಬೇಕಾಗಿಲ್ಲ. 1965ರ ಮದುವೆಯ ನೆಗೆಟಿವ್ ಆ ಗಡುವನ್ನು ಎಂದೋ ದಾಟಿದೆ.

ಇನ್ನೊಂದು ಶತ್ರು ಬೂಷ್ಟು. ಜೆಲಾಟಿನ್ ಪ್ರಾಣಿಜನ್ಯ ವಸ್ತುವಾದ್ದರಿಂದ ಬೂಷ್ಟಿಗೆ ಅದು ಆಹಾರ. ಮಳೆಗಾಲದಲ್ಲಿ ಕಪಾಟಿನ ಮೂಲೆಯಲ್ಲಿ ಬಿದ್ದಿದ್ದ ಫಿಲ್ಮಿನ ಮೇಲೆ ಜೇಡರ ಬಲೆಯಂತಹ ಗೆರೆಗಳು ಮೂಡುವುದು ಇದರಿಂದಲೇ. ಆದುದರಿಂದ ಸ್ಕ್ಯಾನ್ ಮಾಡುವ ಕಾರ್ಯವನ್ನು ಬಿಡುವು ಸಿಕ್ಕಾಗ ನೋಡೋಣವೆಂದು ಮುಂದೂಡುವುದು ವಿವೇಕವಲ್ಲ.

ಯಂತ್ರವನ್ನು ಅಳೆಯುವ ನಾಲ್ಕು ಮಾನದಂಡಗಳು

ಚಿತ್ರವನ್ನು ಬಿಂದುಗಳನ್ನಾಗಿ ಒಡೆದು ಗಣಕಕ್ಕೆ ಉಣಿಸುವ ಯಂತ್ರದ ಕಥೆ 1957ರಷ್ಟು ಹಿಂದಿನದು. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯಲ್ಲಿ ರಸೆಲ್ ಕಿರ್ಷ್ ಎಂಬ ವಿಜ್ಞಾನಿ ತನ್ನ ಹಸುಗೂಸಿನ 5 ಸೆಂಟಿಮೀಟರ್ ಚೌಕದ ಭಾವಚಿತ್ರವೊಂದನ್ನು 176 ಸಾಲು, ಸಾಲಿಗೆ 176 ಬಿಂದುಗಳಾಗಿ ಗಣಕಕ್ಕೆ ಇಳಿಸಿದ. ಗಣಕಕ್ಕೆ ಇಳಿದ ಮೊದಲ ಛಾಯಾಚಿತ್ರವೆಂದು ಖ್ಯಾತವಾದುದು ಮನೆಯ ಮಗುವಿನ ಚಿತ್ರವೇ ಆಗಿದ್ದುದು, ಅದೂ ರೋಲ್ ಫಿಲ್ಮಿನ ಚೌಕದಷ್ಟೇ ದೊಡ್ಡದಾಗಿದ್ದುದು ಸ್ವಾರಸ್ಯಕರ. ಅಂದಿನಿಂದ ಯಂತ್ರಗಳು ಅಪಾರವಾಗಿ ಸುಧಾರಿಸಿವೆ. ಆದರೆ ಅವುಗಳನ್ನು ಅಳೆಯುವ ಮಾನದಂಡಗಳು ನಾಲ್ಕೇ.

ಮೊದಲನೆಯದು ಸೂಕ್ಷ್ಮತೆ. ಒಂದು ಅಂಗುಲದಲ್ಲಿ ಎಷ್ಟು ಬಿಂದುಗಳನ್ನು ಗುರುತಿಸಬಲ್ಲದು ಎಂಬುದನ್ನು ಡಿ.ಪಿ.ಐ. ಎಂದು ಸೂಚಿಸುತ್ತಾರೆ. ಪೆಟ್ಟಿಗೆಯ ಮೇಲೆ 6400, 9600 ಎಂಬ ಭಾರಿ ಸಂಖ್ಯೆಗಳು ಅಚ್ಚಾಗಿರುತ್ತವೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಯಂತ್ರವು ಅಷ್ಟು ಬಿಂದುಗಳನ್ನು ದಾಖಲಿಸಬಹುದು; ಆದರೆ ಅದರ ಮಸೂರಕ್ಕೆ ಅಷ್ಟು ಸೂಕ್ಷ್ಮ ವಿವರವನ್ನು ಬಿಡಿಸುವ ಶಕ್ತಿ ಇಲ್ಲದಿದ್ದರೆ ಹೆಚ್ಚುವರಿ ಬಿಂದುಗಳೆಲ್ಲ ಬರಿಯ ಹೊಟ್ಟು. ನಿಜವಾದ ಶಕ್ತಿಯನ್ನು ಅಳೆಯಲು ಬರಬರುತ್ತ ಸಣ್ಣದಾಗುವ ಗೆರೆಗಳ ಪರೀಕ್ಷಾಫಲಕವನ್ನು ಸ್ಕ್ಯಾನ್ ಮಾಡಿ ನೋಡುವ ಪದ್ಧತಿಯಿದೆ.

ಎರಡನೆಯದು ಸಾಂದ್ರತೆಯ ವ್ಯಾಪ್ತಿ. ಫಿಲ್ಮಿನ ಕಪ್ಪು ಭಾಗದ ಮೂಲಕ ಸಾವಿರದಲ್ಲಿ ಒಂದು ಪಾಲು ಬೆಳಕು ಮಾತ್ರ ದಾಟಿದರೆ ಆ ಸಾಂದ್ರತೆ 3. ಕಪ್ಪು-ಬಿಳುಪು ನೆಗೆಟಿವಿನಲ್ಲಿ ಅದು ಸಾಮಾನ್ಯವಾಗಿ ಎರಡು, ಎರಡೂವರೆಯನ್ನು ಮೀರುವುದಿಲ್ಲ. ಬಣ್ಣದ ಸ್ಲೈಡಿನ ದಟ್ಟ ನೆರಳುಗಳಾದರೆ ಮೂರೂವರೆಯನ್ನೂ ಮುಟ್ಟಬಹುದು. ಆದುದರಿಂದ ನೆಗೆಟಿವ್ ಮಾತ್ರ ಇರುವವರು ಸಾಧಾರಣ ಯಂತ್ರದಿಂದ ತೃಪ್ತಿಪಡಬಹುದು. ಸ್ಲೈಡುಗಳಿರುವವರಿಗೆ ಉತ್ತಮ ಯಂತ್ರ ಅವಶ್ಯ.

ಮೂರನೆಯದು ಫಿಲ್ಮಿನ ಸಮತಲ. ರೋಲ್ ಫಿಲ್ಮು ಅಗಲವಾದ್ದರಿಂದ ನಡುವೆ ಉಬ್ಬುತ್ತದೆ, ಅಂಚಿನಲ್ಲಿ ಸುರುಳುತ್ತದೆ. ಅದನ್ನು ಹಿಡಿದಿಡುವ ಚೌಕಟ್ಟು ಚಪ್ಪಟೆಯಾಗಿರಿಸದಿದ್ದರೆ ಮದುಮಗನ ಮುಖ ಸ್ಪಷ್ಟವಾಗಿದ್ದೂ ಅಂಚಿನಲ್ಲಿ ನಿಂತ ಸೋದರಮಾವನ ಮುಖ ಮಸುಕಾಗುತ್ತದೆ. ಗಾಜಿನಿಂದ ಒತ್ತಿದರೆ ಗಾಜಿಗೂ ಫಿಲ್ಮಿನ ನುಣುಪು ಬದಿಗೂ ನಡುವೆ ಕಾಮನಬಿಲ್ಲಿನಂತಹ ಬಳೆಗಳು ಕಾಣಿಸಿಕೊಳ್ಳುತ್ತವೆ. ಇವುಗಳಿಗೆ ನ್ಯೂಟನ್ ಬಳೆಗಳೆಂದು ಹೆಸರು. ಇದನ್ನು ತಪ್ಪಿಸಲು ಸ್ವಲ್ಪ ತರಿಯಾದ ಮೈಯುಳ್ಳ ವಿಶೇಷ ಗಾಜು ದೊರೆಯುತ್ತದೆ.

ನಾಲ್ಕನೆಯದು ಧೂಳು-ಗೀರುಗಳ ನಿವಾರಣೆ. ಅನೇಕ ಯಂತ್ರಗಳಲ್ಲಿ ಡಿಜಿಟಲ್ ಐಸ್ ಎಂಬ ಸೌಲಭ್ಯವಿರುತ್ತದೆ. ಬಣ್ಣದ ಫಿಲ್ಮಿನ ಮೂಲಕ ಅವಕೆಂಪು ಕಿರಣಗಳು ಸರಾಗವಾಗಿ ಹಾದುಹೋಗುತ್ತವೆ, ಧೂಳಿನ ಕಣದಲ್ಲಿ ತಡೆಯಲ್ಪಡುತ್ತವೆ. ಹೀಗೆ ಯಂತ್ರ ಧೂಳನ್ನು ಗುರುತಿಸಿ ಅಳಿಸುತ್ತದೆ. ಆದರೆ ಸಾಂಪ್ರದಾಯಿಕ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯ ಕಣಗಳದ್ದು. ಬೆಳ್ಳಿಯೂ ಅವಕೆಂಪು ಕಿರಣವನ್ನು ತಡೆಯುವುದರಿಂದ ಯಂತ್ರವು ಅಜ್ಜಿಯ ಮೂಗುತಿಯನ್ನೇ ಧೂಳೆಂದು ಬಗೆಯುವ ಸಂಭವವುಂಟು. ಮನೆಯಲ್ಲಿರುವುದು ಕಪ್ಪು-ಬಿಳುಪು ನೆಗೆಟಿವ್‌ಗಳಾದರೆ ಈ ಸೌಲಭ್ಯಕ್ಕಾಗಿ ಹೆಚ್ಚು ಹಣ ತೆರುವುದು ವ್ಯರ್ಥ. ಸ್ಕ್ಯಾನ್ ಮಾಡುವಾಗ ಅದನ್ನು ನಿಲ್ಲಿಸಿಯೇ ಇಡತಕ್ಕದ್ದು.

ಯಂತ್ರಗಳ ಹೋಲಿಕೆ

ಚಪ್ಪಟೆ ಗಾಜಿನ ಫ್ಲಾಟ್‌ಬೆಡ್ ಯಂತ್ರಗಳು ಗೃಹಸ್ಥರಿಗೆ ಹೆಚ್ಚು ಪರಿಚಿತ. ಇವುಗಳಲ್ಲಿ ಎಪ್ಸನ್ ಸಂಸ್ಥೆಯ ಎರಡು ಬಗೆಗಳು ಪ್ರಸಿದ್ಧ. 2009ರಲ್ಲಿ ಬಂದ ವಿ600 ಅಗ್ಗದ್ದು. ಪೆಟ್ಟಿಗೆಯ ಮೇಲೆ 6400 ಡಿ.ಪಿ.ಐ. ಎಂದಿದ್ದರೂ ಪರೀಕ್ಷಾಫಲಕದ ಮೇಲೆ ಅದು ತೋರಿದ ನಿಜವಾದ ಶಕ್ತಿ ಸುಮಾರು 1500ರಿಂದ 1600. ಅದರ ಮುಚ್ಚಳದ ಬೆಳಕಿನ ಕಿಂಡಿ ಕಿರಿದಾದ್ದರಿಂದ 120 ಫಿಲ್ಮಿನ ಒಂದು ಪಟ್ಟಿ ಮಾತ್ರ ಹಿಡಿಸುತ್ತದೆ. ಸ್ಟುಡಿಯೋಗಳ ದೊಡ್ಡ ಹಾಳೆಯ ನೆಗೆಟಿವ್‌ಗಳಿಗೆ ಅದು ಒದಗದು. 2006ರ ವಿ700 ಮತ್ತು 2014ರ ವಿ800, ವಿ850 ದೊಡ್ಡಣ್ಣಂದಿರು. ಇವುಗಳಲ್ಲಿ ಎರಡು ಮಸೂರಗಳಿದ್ದು ನಿಜವಾದ ಶಕ್ತಿ ಸುಮಾರು 2300ರ ಆಸುಪಾಸಿನಲ್ಲಿದೆ. 8 ಮತ್ತು 10 ಅಂಗುಲದ ಹಾಳೆ ಫಿಲ್ಮಿನವರೆಗೆ ಇವು ಸ್ವೀಕರಿಸುತ್ತವೆ. ವಿ800, ವಿ850ರ ಚೌಕಟ್ಟುಗಳ ಎತ್ತರವನ್ನು ಸರಿಹೊಂದಿಸಬಹುದು. ಇದು ಸಣ್ಣ ಸಂಗತಿಯಲ್ಲ. ಈ ಯಂತ್ರಗಳಲ್ಲಿ ತಾನಾಗಿ ನಾಭಿ ಹೊಂದಿಸುವ ವ್ಯವಸ್ಥೆ ಇಲ್ಲದ ಕಾರಣ ಫಿಲ್ಮು ಸರಿಯಾದ ಎತ್ತರದಲ್ಲಿದೆಯೇ ಎಂದು ಒಂದೇ ಚಿತ್ರವನ್ನು ಮೂರು ಎತ್ತರಗಳಲ್ಲಿ ಸ್ಕ್ಯಾನ್ ಮಾಡಿ ನೋಡಿ ನಿರ್ಧರಿಸಬೇಕು. ಒಂದು ಸಂಜೆಯ ಈ ಪರಿಶ್ರಮ ಮುಂದಿನ ನೂರು ಚಿತ್ರಗಳಿಗೆ ಫಲ ಕೊಡುತ್ತದೆ.

ಫಿಲ್ಮಿಗೆಂದೇ ನಿರ್ಮಿತವಾದ ಯಂತ್ರಗಳು ಎರಡನೆಯ ವರ್ಗ. ಇವುಗಳಲ್ಲಿ ನಿಕಾನ್ ಸಂಸ್ಥೆಯ ಸೂಪರ್ ಕೂಲ್‌ಸ್ಕ್ಯಾನ್ 9000 ಇಂದಿಗೂ ಗೌರವದ ಹೆಸರು. 2004ರಲ್ಲಿ ಬಂದ ಅದರ ಘೋಷಿತ ಸೂಕ್ಷ್ಮತೆ 4000. ಪರೀಕ್ಷೆಯಲ್ಲೂ ಅದು ಹೆಚ್ಚು ಕಡಿಮೆ ಅಷ್ಟನ್ನೇ ತೋರಿತು. ಹೇಳಿದ್ದನ್ನು ನಡೆಸಿಕೊಟ್ಟ ಅಪೂರ್ವ ಯಂತ್ರವಿದು. ಆದರೆ ಅದರ ಮಸೂರ ನಾಭಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಫಿಲ್ಮು ಕೊಂಚ ಡೊಂಕಾದರೂ ಅಂಚು ಮಸುಕಾಗುತ್ತದೆ. ಗಾಜಿನ ಚೌಕಟ್ಟನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ. ಮೇಲಾಗಿ ಇದರ ತಯಾರಿಕೆ ನಿಂತು ಬಹಳ ವರ್ಷಗಳಾದವು. ಕೈಬದಲಾದ ಯಂತ್ರವನ್ನು ಕೊಂಡರೂ ಅದು ಬೇಡುವ ಫೈರ್‌ವೈರ್ ಜೋಡಣೆ ಇಂದಿನ ಗಣಕಗಳಲ್ಲಿಲ್ಲ. ಕೆಟ್ಟರೆ ಬಿಡಿಭಾಗ ದೊರೆಯುವುದೂ ದುರ್ಲಭ. ಆ ಬಳಿಕ ಬಂದ ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್ 120 ಯಂತ್ರದ ಘೋಷಿತ ಸೂಕ್ಷ್ಮತೆ 5300. ನಿಜವಾದದ್ದು ಸುಮಾರು 3400. ಫ್ಲಾಟ್‌ಬೆಡ್ಡಿಗಿಂತ ಇದು ಸ್ಪಷ್ಟವಾಗಿ ಮೇಲು, ಬೆಲೆಯೂ ಅದಕ್ಕೆ ತಕ್ಕಂತೆ ಮೇಲು.

ವೃತ್ತಿನಿರತರ ಯಂತ್ರಗಳು ಮೂರನೆಯ ವರ್ಗ. ಡೆನ್ಮಾರ್ಕಿನ ಇಮಕಾನ್ ಸಂಸ್ಥೆ ರೂಪಿಸಿ, 2004ರ ವಿಲೀನದ ಅನಂತರ ಹ್ಯಾಸೆಲ್‌ಬ್ಲಾಡ್ ಹೆಸರಿನಲ್ಲಿ ಮಾರಾಟವಾದ ಫ್ಲೆಕ್ಸ್‌ಟೈಟ್ ಯಂತ್ರಗಳು ಫಿಲ್ಮನ್ನು ಗಾಜಿಲ್ಲದೆ ಬಿಲ್ಲಿನಂತೆ ಬಾಗಿಸಿ, ಬಾಗಿದ ನೆತ್ತಿಯಲ್ಲಿ ಗೆರೆಗೆರೆಯಾಗಿ ಓದುತ್ತವೆ. ಬಾಗಿದ ಹಾಳೆ ಅಡ್ಡಲಾಗಿ ನೆಟ್ಟಗೆ ನಿಲ್ಲುತ್ತದೆಂಬುದು ಇದರ ಮರ್ಮ. 120 ಫಿಲ್ಮಿಗೆ ಇವುಗಳ ಸೂಕ್ಷ್ಮತೆ 3200. ಇದಕ್ಕೂ ಮೇಲಿನದು ಡ್ರಮ್ ಸ್ಕ್ಯಾನರ್. ಫಿಲ್ಮನ್ನು ದ್ರವ ಲೇಪಿಸಿ ಪಾರದರ್ಶಕ ಉರುಳೆಗೆ ಅಂಟಿಸಿ, ವೇಗವಾಗಿ ತಿರುಗಿಸಿ, ಫೋಟೋಮಲ್ಟಿಪ್ಲೈಯರ್ ಎಂಬ ನಳಿಕೆಯಿಂದ ಬಿಂದುಬಿಂದುವಾಗಿ ಓದುವ ಈ ಯಂತ್ರ ಗಾಢವಾದ ನೆರಳಿನಲ್ಲೂ ವಿವರವನ್ನು ಹೆಕ್ಕಿ ತೆಗೆಯುತ್ತದೆ. ಆದರೆ ಹಳೆಯ, ಬಿರುಕುಬಿಟ್ಟ, ಪದರ ಸಡಿಲಾದ ನೆಗೆಟಿವ್‌ಗಳನ್ನು ಹೀಗೆ ಬಾಗಿಸುವುದೂ ಅಂಟಿಸುವುದೂ ಅಪಾಯಕರ.

ನಾಲ್ಕನೆಯ ಮಾರ್ಗ ಈಚಿನ ವರ್ಷಗಳಲ್ಲಿ ಜನಪ್ರಿಯವಾಗಿದೆ. ಸಮನಾದ ಬೆಳಕಿನ ಹಲಗೆಯ ಮೇಲೆ ನೆಗೆಟಿವ್ ಇಟ್ಟು, ಮೇಲಿನಿಂದ ಡಿಜಿಟಲ್ ಕ್ಯಾಮೆರಾಕ್ಕೆ ಮ್ಯಾಕ್ರೋ ಮಸೂರ ಹಾಕಿ ಚಿತ್ರ ತೆಗೆಯುವುದೇ ಆ ಮಾರ್ಗ. 24 ಮೆಗಾಪಿಕ್ಸೆಲ್ ಕ್ಯಾಮೆರಾದಿಂದ ಚೌಕದ ನೆಗೆಟಿವನ್ನು ಒಂದೇ ಸಲ ತೆಗೆದರೆ ಸಿಗುವುದು ಸುಮಾರು 1800 ಡಿ.ಪಿ.ಐ.; 45 ಮೆಗಾಪಿಕ್ಸೆಲ್ ಕ್ಯಾಮೆರಾದಿಂದ ಸುಮಾರು 2500. ನಾಲ್ಕು ಭಾಗಗಳಲ್ಲಿ ತೆಗೆದು ಹೊಲಿದರೆ ಇನ್ನೂ ಹೆಚ್ಚು. ಕ್ಯಾಮೆರಾ ಹೇಗೂ ಮನೆಯಲ್ಲಿರುವವರಿಗೆ ಇದು ಮಿತವ್ಯಯದ, ವೇಗದ ಮಾರ್ಗ. ಕ್ಯಾಮೆರಾ ಮತ್ತು ಫಿಲ್ಮು ಸಮಾನಾಂತರವಾಗಿರಬೇಕು, ಕೋಣೆಯ ದೀಪಗಳು ಆರಿರಬೇಕು, ಹಲಗೆಯ ಬೆಳಕು ಬಣ್ಣಗಳನ್ನು ಯಥಾವತ್ತಾಗಿ ತೋರಿಸುವಂತಹುದಾಗಿರಬೇಕು ಎಂಬ ನಿಯಮಗಳನ್ನು ಮಾತ್ರ ಮರೆಯಬಾರದು. ಮೊಬೈಲ್ ಪರದೆಯ ಮೇಲೆ ನೆಗೆಟಿವನ್ನು ನೇರವಾಗಿಟ್ಟು ಚಿತ್ರ ತೆಗೆದರೆ ಪರದೆಯ ಚುಕ್ಕಿಗಳೂ ಚಿತ್ರದಲ್ಲಿ ಮೂಡುತ್ತವೆ. ಯಾವ ನೆಗೆಟಿವಿನಲ್ಲಿ ಯಾರಿದ್ದಾರೆಂದು ಗುರುತು ಹಿಡಿಯಲಷ್ಟೇ ಅದು ಯೋಗ್ಯ.

ಎಷ್ಟು ಬೇಕು, ಎಷ್ಟು ಸಾಕು

ಹೆಚ್ಚು ಎಂದರೆ ಉತ್ತಮ ಎಂಬ ಭ್ರಮೆಯನ್ನು ಲೆಕ್ಕವೇ ಬಿಡಿಸುತ್ತದೆ. 56 ಮಿಲಿಮೀಟರ್ ಎಂದರೆ 2.2 ಅಂಗುಲ. ಮುದ್ರಣಕ್ಕೆ ಅಂಗುಲಕ್ಕೆ 300 ಬಿಂದುಗಳು ಬೇಕೆಂದು ಇಟ್ಟುಕೊಂಡರೆ 12 ಅಂಗುಲದ ಚೌಕದ ಪಟಕ್ಕೆ 3600 ಬಿಂದುಗಳು ಬೇಕು. ಅದಕ್ಕೆ ಸುಮಾರು 1650 ಡಿ.ಪಿ.ಐ. ಸಾಕು. 16 ಅಂಗುಲದ ಪಟಕ್ಕೆ ಸುಮಾರು 2200. ಗೋಡೆಗೆ ತೂಗುಹಾಕುವ 20 ಅಂಗುಲದ ಪಟಕ್ಕೆ ಸುಮಾರು 2750. ಹೀಗೆ ನೋಡಿದರೆ ಹಿರಿಯರ ಪಟವನ್ನು ದೊಡ್ಡದು ಮಾಡಿಸಿ ಹಾಕಬೇಕೆನ್ನುವ ಕುಟುಂಬಕ್ಕೆ ವಿ850 ವರ್ಗದ ಫ್ಲಾಟ್‌ಬೆಡ್ 16 ಅಂಗುಲದವರೆಗೆ ಯಾವ ಕೊರತೆಯನ್ನೂ ಉಂಟುಮಾಡದು.

ಮೂಲ ಚಿತ್ರದಲ್ಲಿ ಇಲ್ಲದ ವಿವರವನ್ನು ಯಾವ ಯಂತ್ರವೂ ತಂದುಕೊಡಲಾರದು ಎಂಬುದನ್ನೂ ಗಮನಿಸಬೇಕು. ಒಂಟಿ ಮಸೂರದ ಸಾದಾ ಕ್ಯಾಮೆರಾವೊಂದು ಫಿಲ್ಮಿನ ಮೇಲೆ ಮಿಲಿಮೀಟರಿಗೆ 30 ಜೋಡಿ ಗೆರೆಗಳನ್ನು ಬಿಡಿಸಿತೆಂದು ಭಾವಿಸಿದರೆ ಅದನ್ನು ಪೂರ್ತಿಯಾಗಿ ಎತ್ತಿಕೊಳ್ಳಲು ಸುಮಾರು 1500 ಡಿ.ಪಿ.ಐ. ಸಾಕು. ರೋಲೈಫ್ಲೆಕ್ಸಿನಂತಹ ಉತ್ತಮ ಕ್ಯಾಮೆರಾ ಇದರ ಇಮ್ಮಡಿ ವಿವರ ಬಿಡಿಸಿದ್ದರೆ ಸುಮಾರು 3000 ಬೇಕಾಗುತ್ತದೆ. ಆಗ ಮಾತ್ರ ಪ್ಲಸ್‌ಟೆಕ್, ನಿಕಾನ್, ಫ್ಲೆಕ್ಸ್‌ಟೈಟ್‌ಗಳ ಪ್ರಶ್ನೆ ಏಳುತ್ತದೆ.

ಕಡತದ ಗಾತ್ರವನ್ನೂ ನೋಡಬೇಕು. 2400 ಡಿ.ಪಿ.ಐ.ಯಲ್ಲಿ ಚೌಕದ ಬಣ್ಣದ ನೆಗೆಟಿವ್ ಒಂದು, ಬಣ್ಣಕ್ಕೆ 16 ಬಿಟ್‌ನಂತೆ ದಾಖಲಾದರೆ, ಸುಮಾರು 170 ಮೆಗಾಬೈಟ್. 6400ರಲ್ಲಿ ಸ್ಕ್ಯಾನ್ ಮಾಡಿದರೆ ಅದೇ ನೆಗೆಟಿವ್ 1200 ಮೆಗಾಬೈಟ್ ನುಂಗುತ್ತದೆ. ಫ್ಲಾಟ್‌ಬೆಡ್ಡಿನಲ್ಲಾದರೆ ಹೀಗೆ ಏಳು ಪಟ್ಟು ಜಾಗ ತೆತ್ತು ಪಡೆದ ಹೆಚ್ಚಿನ ವಿವರ ಬಹುತೇಕ ಸೊನ್ನೆ.

ಈ ಎಲ್ಲ ಹೋಲಿಕೆಯ ಸಾರವನ್ನು ಹೀಗೆ ಹೇಳಬಹುದು. ಇಪ್ಪತ್ತು ಮೂವತ್ತು ನೆಗೆಟಿವ್‌ಗಳಷ್ಟೇ ಇರುವವರು ಯಂತ್ರವನ್ನು ಕೊಳ್ಳುವ ಬದಲು ನಂಬಿಕೆಯ ಸ್ಟುಡಿಯೋದಲ್ಲಿ ಮಾಡಿಸುವುದೇ ಲೇಸು. ಆಗಲೂ ಯಾವ ಯಂತ್ರ, ಎಷ್ಟು ಡಿ.ಪಿ.ಐ., ಯಾವ ಬಗೆಯ ಕಡತ ಎಂದು ಕೇಳುವುದು ಗ್ರಾಹಕರ ಹಕ್ಕು. ನೂರಾರು ಇರುವವರಿಗೆ ಫ್ಲಾಟ್‌ಬೆಡ್ ಅಥವಾ ಕ್ಯಾಮೆರಾದ ಮಾರ್ಗ ಸೂಕ್ತ. ಉತ್ತಮ ಕ್ಯಾಮೆರಾದಲ್ಲಿ ತೆಗೆದ, ಬಹಳ ಬೆಲೆಬಾಳುವ ಒಂದೆರಡು ನೆಗೆಟಿವ್‌ಗಳನ್ನು ಮಾತ್ರ ವೃತ್ತಿನಿರತರ ಯಂತ್ರಕ್ಕೆ ಕಳುಹಿಸಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ಕನ್ನಡ ಸಂಘಗಳು ಒಂದು ಯಂತ್ರವನ್ನು ಕೊಂಡು ಸದಸ್ಯರಿಗೆ ಸರದಿಯ ಮೇಲೆ ಒದಗಿಸಿದರೆ ಅದು ಗ್ರಂಥಾಲಯದಷ್ಟೇ ಉಪಯುಕ್ತ ಸೇವೆಯಾದೀತು.

ಮಾಡುವವರ ಆರೋಗ್ಯಕ್ಕೆ ಕೆಲವು ಸೂಚನೆಗಳು

ಹುಳಿವಾಸನೆ ಬರುವ ಪೆಟ್ಟಿಗೆಯನ್ನು ಮುಚ್ಚಿದ ಕೋಣೆಯಲ್ಲಿ ತೆರೆಯಬಾರದು. ಅಸಿಟಿಕ್ ಆಮ್ಲದ ಆವಿ ಕಣ್ಣು, ಮೂಗು, ಗಂಟಲುಗಳನ್ನು ಉರಿಸುತ್ತದೆ. ಉಬ್ಬಸದವರಿಗೆ ಹೆಚ್ಚು ತೊಂದರೆ. ಕಿಟಕಿ ತೆರೆದು, ಫ್ಯಾನಿನ ಗಾಳಿ ಫಿಲ್ಮಿಗೆ ನೇರವಾಗಿ ಬೀಸದಂತೆ ಕುಳಿತು ಕೆಲಸ ಮಾಡಬೇಕು. ಬೂಷ್ಟು ಹಿಡಿದ ಫಿಲ್ಮನ್ನು ಬಾಯಿಂದ ಊದುವುದು ಎರಡು ರೀತಿಯಿಂದ ಕೆಟ್ಟದ್ದು: ಉಗುಳು ಫಿಲ್ಮಿಗೆ ಸಿಡಿಯುತ್ತದೆ, ಬೂಷ್ಟಿನ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ. ಮುಖಕ್ಕೆ ಮಾಸ್ಕ್, ಕೈಗೆ ಕೈಚೀಲ ಧರಿಸಿ, ರಬ್ಬರಿನ ಬ್ಲೋವರಿನಿಂದ ಧೂಳು ಹಾರಿಸುವುದು ಕ್ಷೇಮ. ಬೂಷ್ಟು ಹಿಡಿದ ಫಿಲ್ಮನ್ನು ನೀರಿನಲ್ಲಿ ತೊಳೆಯಕೂಡದು. ಬೂಷ್ಟು ತಿಂದ ಜೆಲಾಟಿನ್ ನೀರಿನಲ್ಲಿ ಕರಗಿ ಚಿತ್ರವೇ ಹೋಗಬಹುದು. 1950ರ ದಶಕದ ಆರಂಭಕ್ಕಿಂತ ಹಿಂದಿನ ಫಿಲ್ಮುಗಳಲ್ಲಿ ಕೆಲವು ನೈಟ್ರೇಟ್ ಆಧಾರದವು. ಅವು ಬೇಗ ಬೆಂಕಿ ಹಿಡಿಯುವಂತಹವು. ಸಂದೇಹವಿದ್ದಲ್ಲಿ ಅವುಗಳನ್ನು ಬೇರೆಯಾಗಿ, ತಂಪಾದ ಸ್ಥಳದಲ್ಲಿ, ಒಲೆ-ದೀಪಗಳಿಂದ ದೂರವಿರಿಸಿ ಬಲ್ಲವರನ್ನು ವಿಚಾರಿಸತಕ್ಕದ್ದು. ಪರದೆಯ ಮುಂದೆ ಗಂಟೆಗಟ್ಟಲೆ ಬಾಗಿ ಕುಳಿತು ಚುಕ್ಕಿಗಳನ್ನು ಅಳಿಸುವುದರಿಂದ ಕತ್ತು, ಬೆನ್ನು, ಕಣ್ಣುಗಳು ದಣಿಯುತ್ತವೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು, ದೂರದ ವಸ್ತುವಿನ ಕಡೆ ದೃಷ್ಟಿ ಹಾಯಿಸುವುದು ಹಿತಕರ.

ಸ್ಕ್ಯಾನ್ ಆದ ಮೇಲೆ

ಮೂಲ ಕಡತವನ್ನು ಟಿಫ್ ರೂಪದಲ್ಲಿ ಉಳಿಸಿ, ಹಂಚಲು ಮಾತ್ರ ಜೆಪೆಗ್ ಪ್ರತಿಯನ್ನು ಮಾಡಿಕೊಳ್ಳಬೇಕು. ಒಟ್ಟು ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದಾದರೂ ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ಮಹಾನಗರದ ಒಂದು ಮಳೆಗಾಲದ ನೆರೆ ಇಡೀ ಸಂಗ್ರಹವನ್ನು ನುಂಗದಿರಲು ಇದೊಂದೇ ಉಪಾಯ.

ಸ್ಕ್ಯಾನ್ ಆಯಿತೆಂದು ನೆಗೆಟಿವ್‌ಗಳನ್ನು ರದ್ದಿಗೆ ಹಾಕುವವರುಂಟು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಆಮೇಲೆ ಪಶ್ಚಾತ್ತಾಪಪಡುವುದು ನಿಶ್ಚಿತ. ನಾಳೆ ಇದಕ್ಕಿಂತ ಉತ್ತಮ ಯಂತ್ರ ಬಂದಾಗ ಮತ್ತೆ ಓದಿಸಲು ಮೂಲ ಬೇಕು. ಡಿಸ್ಕು ಕೆಟ್ಟಾಗ ಮೂಲವೇ ಗತಿ. ಆಮ್ಲರಹಿತ ಕಾಗದದ ಲಕೋಟೆಗಳಲ್ಲಿ, ಮನೆಯ ಅತ್ಯಂತ ತಂಪಾದ ಒಣ ಮೂಲೆಯಲ್ಲಿ, ಸಿಲಿಕಾ ಜೆಲ್ಲಿನ ಚಿಕ್ಕ ಚೀಲದೊಡನೆ ಅವನ್ನು ಇಟ್ಟುಕೊಳ್ಳತಕ್ಕದ್ದು.

ಕೊನೆಯದಾಗಿ, ಯಾವ ಯಂತ್ರವೂ ಮಾಡಲಾರದ ಕೆಲಸವೊಂದಿದೆ. ಹಿಂದಿನ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವರು ಯಾರು, ಆ ಜಗುಲಿ ಯಾವ ಊರಿನದು, ಅಂದು ಯಾವ ಸಮಾರಂಭ ಎಂಬುದನ್ನು 3200 ಡಿ.ಪಿ.ಐ. ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಮನೆಯ ಹಿರಿಯರು, ಅವರಿಗೆ ಈಗಾಗಲೇ ಎಂಬತ್ತು ದಾಟಿರುತ್ತದೆ. ಹೀಗಿರುವಾಗ ಅತ್ಯುತ್ತಮ ಯಂತ್ರಕ್ಕಾಗಿ ವರ್ಷಗಟ್ಟಲೆ ಕಾಯುವುದಕ್ಕಿಂತ ಸಾಧಾರಣ ಯಂತ್ರದಿಂದಲೇ ಈ ತಿಂಗಳು ಸ್ಕ್ಯಾನ್ ಮಾಡಿ, ಹಿರಿಯರ ಪಕ್ಕದಲ್ಲಿ ಕುಳಿತು ಹೆಸರುಗಳನ್ನು ಕೇಳಿ ಬರೆದುಕೊಳ್ಳುವುದು ಹೆಚ್ಚು ಶ್ರೇಯಸ್ಕರ. ಬಿಂದುಗಳು ಕಡಿಮೆಯಾದರೆ ನೆಗೆಟಿವನ್ನು ಮತ್ತೊಮ್ಮೆ ಓದಿಸಬಹುದು. ಹೇಳುವವರು ಇಲ್ಲವಾದರೆ ಹೆಸರುಗಳನ್ನು ಮರಳಿ ಪಡೆಯುವ ದಾರಿಯಿಲ್ಲ.